ಒಂದಕ್ಕೆ ಹೋಲ್ಡಾನ್, ಎರಡಕ್ಕೆ ರೈಟ್

ನಾನು ಒಂದು ಬ್ರೇಕ್ ಡ್ರಮ್. ಸಣ್ಣ ಕಾರೊಂದರ ಹಿಂದಿನ ಎಡಗಾಲಿಯೊಳಗೆ, ಬೋಗುಣಿಯನ್ನು ಅಡ್ಡ ಮಲಗಿಸಿ ಸಿಕ್ಕಿಸಿದ ಹಾಗೆ, ಬಹಳ ವರ್ಷ ತಿರುಗುತ್ತಲೇ ಇದ್ದೆ. ಗಾಲಿಯ ತೂತುಗಳಿಂದ ನನಗೆ ಕಾಣುತ್ತಿದ್ದ ಲೋಕ ಜನರ ಮೊಣಕಾಲಿಗೆ ಮುಗಿದುಹೋಗುತ್ತಿತ್ತು. ಹಾಗಾಗಿ ಮನುಷ್ಯರನ್ನು ನಾನು ಮುಖ ನೋಡಿ ಗುರುತಿಸಿದ್ದಿಲ್ಲ, ಪಾದ ನೋಡಿಯೇ ಗುರುತಿಸಿದ್ದು.

ಹುಟ್ಟಿದ್ದು ಬೆಳಗಾವಿಯ ಒಂದು ಎರಕದ ಕಾರ್ಖಾನೆಯಲ್ಲಿ. ಆ ಗಳಿಗೆ ನೆನೆದರೆ ಈಗಲೂ ಎದೆ ಧಸಕ್ ಎನ್ನುತ್ತದೆ. ಅಲ್ಲಿಯವರೆಗೆ ಕೆಂಪಗೆ, ನೀರಿನಂತೆ, ಆರಾಮಾಗಿದ್ದೆ. ಯಾರೋ ಎತ್ತಿ ಕರಿ ಮರಳಿನ ಗುಂಡಿಗೆ ಸುರಿದರು. ಕೈಕಾಲು ಆಡಿಸೋಣ ಎಂದರೆ ಆಗಲೇ ಗಟ್ಟಿಯಾಗಿ ಹೋಗಿದ್ದೆ! ಆಮೇಲೆ ತಿರುಗುವ ಯಂತ್ರಕ್ಕೆ ಕಟ್ಟಿ ಒಳಮೈಯನ್ನು ಕೆರೆದು ಕನ್ನಡಿಯಂತೆ ನುಣುಪು ಮಾಡಿದರು. ಕೊನೆಗೆ ದಪ್ಪ ಬೂಟಿನವನೊಬ್ಬ ಬಂದು ಸಣ್ಣ ಸುತ್ತಿಗೆಯಿಂದ ನನ್ನ ತಲೆಗೆ ಒಂದು ಬಿಟ್ಟ.

"ಢಣ್" ಎಂದೆ. ನನ್ನ ದನಿಗೆ ನಾನೇ ಬೆಚ್ಚಿಬಿದ್ದೆ.

"ಛಲೋ ಐತಿ. ಎಲ್ಲೂ ಸೀಳಿಲ್ಲ. ಗುಡಿ ಗಂಟಿ ಆದಂಗ ಆಗತೈತಿ" ಎಂದು ಅವನು ನನ್ನನ್ನು ಪಾಸು ಮಾಡಿದ.

ಸೀಳಿದ್ದರೆ ಬೊಸ್ ಎನ್ನುತ್ತಿದ್ದೆನಂತೆ, ಮತ್ತೆ ಕುಲುಮೆಗೆ ಹೋಗುತ್ತಿದ್ದೆನಂತೆ. ಅದೇ ನಾನು ಬರೆದ ಮೊದಲ ಪರೀಕ್ಷೆ. ಅದರ ಬೆಲೆ ನನಗೆ ತಿಳಿದದ್ದು ಮಾತ್ರ ಬಹಳ ತಡವಾಗಿ.

ನನ್ನ ಕೆಲಸ ಸರಳ. ನನ್ನ ಹೊಟ್ಟೆಯೊಳಗೆ ಅರ್ಧಚಂದ್ರದಂತಹ ಎರಡು ಶೂಗಳಿರುತ್ತವೆ. ಅವುಗಳ ಬೆನ್ನಿಗೆ ಲೈನರ್ ಎಂಬ ಒರಟು ಪಟ್ಟಿ ಅಂಟಿಸಿರುತ್ತಾರೆ. ನಾನು ಗಾಲಿಯ ಜೊತೆ ತಿರುಗುತ್ತೇನೆ, ಅವು ತಿರುಗುವುದಿಲ್ಲ. ಕಾರು ಓಡಿಸುವವರು ಬ್ರೇಕ್ ತುಳಿದರೆ, ಇಲ್ಲವೇ ಕೈಯಿಂದ ಹ್ಯಾಂಡ್ ಬ್ರೇಕ್ ಎಳೆದರೆ, ಅವು ಅರಳಿ ನನ್ನನ್ನು ಒಳಗಿನಿಂದ ಅಪ್ಪಿ ಹಿಡಿಯುತ್ತವೆ. ಬಿಟ್ಟರೆ ಬಿಡುತ್ತವೆ. ಬಿಡದಿದ್ದರೆ? ಅದೇ ನನ್ನ ಕಥೆ.

ಮೊದಲ ಯಜಮಾನರು ಹುಬ್ಬಳ್ಳಿಯ ಜವಳಿ ವ್ಯಾಪಾರಿ. ಕಿರ್ ಕಿರ್ ಎನ್ನುವ ಚರ್ಮದ ಚಪ್ಪಲಿ, ಮೇಲೆ ಧೋತರದ ಅಂಚು. ಮದುವೆ ಮುಂಜಿವೆಗೆ ಮಾತ್ರ ಕಾರನ್ನು ಹೊರಗೆ ತೆಗೆಯುತ್ತಿದ್ದರು. ಎರಡನೆಯವರು ಧಾರವಾಡದ ಡ್ರೈವಿಂಗ್ ಸ್ಕೂಲಿನ ಮಾಸ್ತರರು. ಅಬ್ಬಬ್ಬಾ! ಅಲ್ಲಿ ಬಂದ ಪಾದಗಳಿಗೆ ಲೆಕ್ಕವಿಲ್ಲ, ಎಲ್ಲವೂ ಗಡಗಡ ನಡುಗುವಂಥವೇ. ಹ್ಯಾಂಡ್ ಬ್ರೇಕ್ ಇಳಿಸುವುದನ್ನೇ ಮರೆತು ಕಾಲೇಜು ಗುಡ್ಡ ಏರಿಸಿದವರು ಎಷ್ಟೋ ಜನ. "ಏ ತಂಗಿ, ಕಾರು ಓಡಸಾಕತ್ತೀಯೋ, ಟ್ರಂಕು ಎಳ್ಯಾಕತ್ತೀಯೋ?" ಎಂದು ಮಾಸ್ತರರು ಕೂಗುತ್ತಿದ್ದರು. ಕಲಿತವರು ಕಲಿತು ಹೋದರು, ನನ್ನ ಶೂಗಳ ಲೈನರ್ ಸವೆದು ಅದರ ಅಂಟು ಸಡಿಲವಾಯಿತು.

ಮೂರನೆಯ ಕೈ ದಾಕ್ಷಾಯಣಿಯದು. ಹೈಸ್ಕೂಲಿನಲ್ಲಿ ಚಿತ್ರಕಲೆಯ ಟೀಚರು. ಅವಳ ಪಾದದ ಮೇಲೆ ಸದಾ ಒಂದಲ್ಲ ಒಂದು ಬಣ್ಣದ ಹನಿ. ಅವಳು ಓಡಿಸುವುದು ಸ್ಕೂಟರು. ಕಾರು ಕೊಂಡದ್ದು ತಂದೆ ಅಡಿವೆಪ್ಪನಿಗಾಗಿ.

ಅಡಿವೆಪ್ಪ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಮನೆಯಲ್ಲಿ ಕೂತ ಮೇಲೆ ಊಟ ಬಿಟ್ಟು, ಮಾತು ಬಿಟ್ಟು, ಎದುರಿನ ಗೋಡೆ ನೋಡುತ್ತಿದ್ದನಂತೆ. ಕಾರಿನ ಕೀಲಿ ಕೈಗೆ ಬಂದ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದನೆಂದು ಹೆಂಡತಿ ನೀಲವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅವನು ಬರಿಗಾಲಲ್ಲೇ ಓಡಿಸುತ್ತಿದ್ದ. ಕಾರಿನ ಒಂದೊಂದು ನಡುಕವೂ ಅವನ ಅಂಗಾಲಿಗೆ ತಿಳಿಯುತ್ತಿತ್ತು. ಅಂಥ ಪಾದ ನಾನು ಬೇರೆ ಕಂಡಿಲ್ಲ.

ಗದಗ ಬೆಟಗೇರಿಯ ಆ ಓಣಿಯಲ್ಲಿ ಮನೆಗೊಂದು ಮಗ್ಗ. ದಿನವೆಲ್ಲ ಖಟಪಟ, ಖಟಪಟ. ಇಬ್ಬರು ಮಾತಾಡಬೇಕಾದರೂ ಕೂಗಬೇಕು. ಆ ಸಪ್ಪಳ ಅಡಿವೆಪ್ಪನಿಗೆ ಬಹಳ ಉಪಕಾರ ಮಾಡುತ್ತಿತ್ತು ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಒಂದು ಸಂಜೆ, ದಾಕ್ಷಾಯಣಿಯೂ ಕಾರಿನಲ್ಲಿದ್ದಾಗ, ಲಾರಿಯೊಂದು ನಮ್ಮ ಬೆನ್ನು ಹತ್ತಿ ಒಂದೇ ಸಮ ಹಾರ್ನ್ ಬಾರಿಸಿತು. ಅಡಿವೆಪ್ಪ ದಾರಿ ಬಿಡಲೇ ಇಲ್ಲ. ಲಾರಿ ಬದಿಗೆ ಉಜ್ಜಿ ಬಾಗಿಲಿಗೆ ಗೀರು ಬಿತ್ತು. ಮನೆಗೆ ಬಂದ ಮೇಲೆ ಬಣ್ಣದ ಪಾದಗಳು ಗೀರಿನ ಮುಂದೆ ನಿಂತವು.

"ಅಪ್ಪಾ, ಆ ಲಾರಿಯಂವ ಎಷ್ಟೊತ್ತಿಂದ ಹಾರ್ನ್ ಹೊಡ್ಯಾಕತ್ತಿದ್ದ. ನಿನಗ ಕೇಳಲಿಲ್ಲೇನು?"

"ಕೇಳ್ತವಾ. ಅಂವ ಹೊಡದ ಕೂಡ್ಲೆ ಸರಿಯಾಕ ನಾ ಏನ್ ಹೊಸಬ ಏನು?"

"ಇನ್ನೊಂದ ಸಲ ಹಿಂಗಾತಂದ್ರ ಕೀಲಿ ನನ್ನ ಕೈಯಾಗ ಕೊಡಬೇಕು. ಮಾತ ಕೊಡು."

ಬರಿಗಾಲಿನ ಹೆಬ್ಬೆರಳು ನೆಲವನ್ನು ಒತ್ತಿತು. "ಕೊಟ್ಟೆ ತಗೋ" ಎಂದ. ಅವನ ಉಸಿರೆಲ್ಲ ಇದ್ದದ್ದು ಆ ಕೀಲಿಯಲ್ಲೇ. ಅದು ಹೋದರೆ ಮತ್ತೆ ಎದುರಿನ ಗೋಡೆ.

ದಸರೆ ಬಂತು. ಅಷ್ಟಮಿಯ ದಿನ ನೀಲವ್ವ ಕೊಡಗಟ್ಟಲೆ ನೀರು ಎರಚಿ ಕಾರು ತೊಳೆದಳು. ನನ್ನ ಹೊಟ್ಟೆಯೊಳಗೂ ನೀರು ನುಗ್ಗಿತು. ನವಮಿಗೆ ಖಂಡೇಪೂಜೆ, ಅಂದರೆ ಆಯುಧಪೂಜೆ. ತಟ್ಟೆಯ ಮೇಲೆ ಜಾಕು, ನಟ್ಟು ಬಿಚ್ಚುವ ಪಾನಾ, ಸುತ್ತಿಗೆ, ದಾಕ್ಷಾಯಣಿಯ ಕುಂಚ, ಅಡುಗೆಮನೆಯ ಈಳಿಗೆ, ಎಲ್ಲಕ್ಕೂ ವಿಭೂತಿ, ಕುಂಕುಮ. ಅವುಗಳ ನಡುವೆ ಒಂದು ಹಿತ್ತಾಳೆಯ ಸೀಟಿ. ಅದು ದಾವಲಸಾಬನದು.

ದಾವಲಸಾಬ ಅಡಿವೆಪ್ಪನ ಬಸ್ಸಿನ ಕಂಡಕ್ಟರು, ಈಗ ಓಣಿಯ ತುದಿಯ ಮನೆಯವನು. ಒಂದು ಸಲ ಊದಿದರೆ ಹೋಲ್ಡಾನ್, ಅಂದರೆ ನಿಲ್ಲಿಸು. ಎರಡು ಸಲ ಊದಿದರೆ ರೈಟ್, ಅಂದರೆ ಹೊರಡು. ಸರ್ವೀಸ್ ಪೂರ್ತಿ ಇಬ್ಬರ ನಡುವೆ ಇದ್ದ ಮಾತು ಅಷ್ಟೇ. ಸಂತೆಯ ಗದ್ದಲದಲ್ಲಿ ಸೀಟಿ ಕೇಳದಿದ್ದರೆ ದಾವಲಸಾಬ ಬಸ್ಸಿನ ತಗಡಿಗೆ ಅಂಗೈಯಿಂದ ಬಡಿಯುತ್ತಿದ್ದ. ಡ್ರೈವರನ ಹತ್ಯಾರಗಳ ಜೊತೆ ಕಂಡಕ್ಟರನ ಸೀಟಿಗೂ ಪೂಜೆ ಆಗಬೇಕೆಂದು ನೀಲವ್ವ ಆಗಿನಿಂದಲೂ ಅದನ್ನು ತರಿಸಿಕೊಳ್ಳುತ್ತಿದ್ದಳು. ನಿವೃತ್ತಿಯಾದರೂ ಅದು ತಪ್ಪಿರಲಿಲ್ಲ.

ಆ ಮನೆಯಲ್ಲಿ ಇನ್ನೊಂದು ಪದ್ಧತಿ. ಪೂಜೆಯಾದ ಗಾಡಿಯನ್ನು ದಶಮಿಯ ಬೆಳಗಿನವರೆಗೆ ಅಲುಗಾಡಿಸಬಾರದು. ನಾಲ್ಕು ಗಾಲಿಯ ಮುಂದೆಯೂ ನಿಂಬೆಹಣ್ಣು ಇಟ್ಟು ಹಾಗೇ ಬಿಡುವುದು. ಓಣಿ ಇಳಿಜಾರು, ಮೇಲೆ ಹಾಸುಗಲ್ಲು. ಅಡಿವೆಪ್ಪ ಹ್ಯಾಂಡ್ ಬ್ರೇಕನ್ನು ಬಸ್ಸಿನದೆಂದು ತಿಳಿದವನಂತೆ ಮೈಯೆಲ್ಲ ಬಿಟ್ಟು ಎಳೆದ. ಶೂಗಳು ನನ್ನ ಒದ್ದೆ ಮೈಯನ್ನು ಅಪ್ಪಿದವು. ಅಪ್ಪಿದಲ್ಲೇ ತುಕ್ಕು ಹಿಡಿಯಿತು.

ದಶಮಿಯ ಬೆಳಿಗ್ಗೆ ಎಲ್ಲರೂ ಹೊರಟದ್ದು ಲಕ್ಕುಂಡಿಗೆ, ನೀಲವ್ವನ ತಂಗಿಯ ಮನೆಗೆ. ಅಡಿವೆಪ್ಪ ಹ್ಯಾಂಡ್ ಬ್ರೇಕ್ ಇಳಿಸಿದ. ಶೂಗಳು ನನ್ನನ್ನು ಬಿಡಲಿಲ್ಲ. ಅವನು ಗೇರು ಹಾಕಿ ಕಾರು ಎಳೆದ. ಮೂರು ಗಾಲಿಗಳು ಉರುಳಿದವು. ನನ್ನದು ಉರುಳಲಿಲ್ಲ, ಮುಂದಿದ್ದ ನಿಂಬೆಹಣ್ಣನ್ನು ಪಕ್ಕಕ್ಕೆ ತಳ್ಳಿ ಜಾರಿತು.

ಟಪ್!

"ಒಡೀತು ನಿಂಬಿಹಣ್ಣು! ದೃಷ್ಟಿ ಎಲ್ಲಾ ಹೋತು" ಎಂದು ನೀಲವ್ವ ಒಳಗೆ ಕೂತು ಕೈ ಮುಗಿದಳಂತೆ.

ಅಯ್ಯೋ, ಅದು ನಿಂಬೆಹಣ್ಣಲ್ಲ! ನನ್ನ ಒಂದು ಶೂವಿನ ಲೈನರ್ ಬೆನ್ನಿನಿಂದ ಕಿತ್ತು ಬಂದ ಸಪ್ಪಳ ಅದು. ಕಿತ್ತ ಪಟ್ಟಿ ಶೂವಿಗೂ ನನಗೂ ನಡುವೆ ಬೆಣೆಯಂತೆ ಸಿಕ್ಕಿಕೊಂಡಿತು. ಗಾಲಿ ತಿರುಗತೊಡಗಿದ್ದೇ ತಡ ನಾನು ಕಿರುಚತೊಡಗಿದೆ. ಕಿರುಚುವುದೆಂದರೆ ಅಂತಿಂಥ ಕಿರುಚುವುದಲ್ಲ. ಹಲ್ಲು ಜುಮ್ಮೆನ್ನುವ, ಕಿವಿಗೆ ಸೂಜಿ ಹಾಕುವ ಕಿರುಚು. ಅಂದು ಹಬ್ಬ, ಮಗ್ಗಗಳೆಲ್ಲ ಹೂವು ಮುಡಿದು ಸುಮ್ಮನೆ ನಿಂತಿದ್ದವು. ಇಡೀ ಓಣಿಯಲ್ಲಿ ನನ್ನದೊಂದೇ ದನಿ. ಕಟ್ಟೆಯ ಮೇಲಿದ್ದ ಅಜ್ಜಿಯೊಬ್ಬಳು ಎರಡೂ ಕಿವಿ ಮುಚ್ಚಿಕೊಂಡಳಂತೆ. ನಾಯಿಗಳು ಓಡಿದವು. ರಂಗೋಲಿ ಹಾಕುತ್ತಿದ್ದವರು ಎದ್ದು ನಿಂತು ನೋಡಿದರು.

ಅಡಿವೆಪ್ಪ ಏನು ಮಾಡಿದ ಗೊತ್ತೇ? ಜನ ಕಾರಿನ ಚೆಂಡುಹೂವಿನ ಮಾಲೆ ನೋಡುತ್ತಿದ್ದಾರೆ ಎಂದುಕೊಂಡು, ಕಿಟಕಿಯಿಂದ ಕೈ ಹೊರಗೆ ಹಾಕಿ ಎಲ್ಲರಿಗೂ ನಮಸ್ಕಾರ ಮಾಡಿದನಂತೆ!

"ಏನ್ರೀ, ಗಾಡಿ ಯಾಕ ಹಿಂಗ ಚೀರಾಕತ್ತೈತಿ?" ನೀಲವ್ವ ಕೇಳಿದಳು.

"ಹೌದು ಮತ್ತ, ಮಾಲಿ ಭಾರಿ ಹಾಕೀದಿ ನೋಡು" ಎಂದ.

ನಾನು ದಂಗಾದೆ. ಆದರೆ ಅವನ ಅಂಗಾಲು ಸುಳ್ಳು ಹೇಳುವುದಿಲ್ಲವಲ್ಲ. ಸ್ವಲ್ಪ ದೂರ ಹೋಗುತ್ತಲೇ, "ಎಳೀವಲ್ದು ನೋಡು ಗಾಡಿ. ಯಾಕೋ ಹಿಂದ ಹಿಡದಂಗ ಆಗೈತಿ" ಎಂದ. ಅಷ್ಟರಲ್ಲಿ ಸುಟ್ಟ ವಾಸನೆ ಎದ್ದಿತು. ಓಣಿಯ ತುದಿಯಲ್ಲಿ ದಾವಲಸಾಬ ಎರಡೂ ಕೈ ಚಾಚಿ ದಾರಿಗೆ ಅಡ್ಡ ನಿಂತಿದ್ದನಂತೆ.

"ಲೇ ಅಡಿವ್ಯಾ, ಗಾಡಿ ತಗೊಂಡ ಹೊಂಟೀಯೋ, ಹಂದಿ ಹಿಡಕೊಂಡ ಹೊಂಟೀಯೋ? ತಿರುಗಸು ಮನೀಗೆ!"

ಮನೆಯ ಮುಂದೆ ಕಾರು ಮತ್ತೆ ಹಳೆಯ ಜಾಗದಲ್ಲೇ ನಿಂತಿತು. ಅಡಿವೆಪ್ಪ ಇಳಿದು ನಾಲ್ಕೂ ಗಾಲಿಗೆ ಒಂದೊಂದಾಗಿ ಅಂಗೈ ತಂದ. ಮೊದಲ ಮೂರು ತಣ್ಣಗೆ. ನನ್ನ ಹತ್ತಿರ ಬರುತ್ತಲೇ ಕೈ ಚುರ್ ಎಂದು ಹಿಂದಕ್ಕೆ ಎಳೆದುಕೊಂಡ.

"ಇಲ್ಲೇ ಐತಿ ರೋಗ. ಬ್ರೇಕ್ ಬಿಟ್ಟಿಲ್ಲ. ಸಪ್ಪಳಾನೂ ಇಲ್ಲಿಂದನ ಬರಾಕತ್ತೈತಿ, ಆಗಿಂದ ಕೇಳೇನಿ ನಾ."

ಆಗಿಂದ ಕೇಳಿದ್ದನಂತೆ! ನಿಂತ ಗಾಲಿಯೊಳಗೆ ಕೂತು ನಾನು ಕಣ್ಣು ಕಣ್ಣು ಬಿಟ್ಟೆ.

ಹ್ಯಾಂಡ್ ಬ್ರೇಕ್ ಎಳೆದರೆ ಹಿಂದಿನ ಗಾಲಿ ತಿರುಗಿಸಿ ನೋಡಲು ಆಗುವುದಿಲ್ಲ. ಹಾಗಾಗಿ ಅದನ್ನು ಇಳಿಸಿಯೇ, ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದೆ ಜಾಕು ಏರಿಸಿದ. ಗಾಲಿ ನೆಲ ಬಿಟ್ಟಿತು. ಕೈಯಿಂದ ತಿರುಗಿಸಿದ. ಬಿಗಿಯಾಗಿತ್ತು, ಆದರೂ ತಿರುಗಿತು. ನಾನು ಜೀವ ಹೋಗುವಂತೆ ಕಿರುಚಿದೆ.

"ಈಗಿಲ್ಲ ನೋಡ್ರಿ" ಎಂದ ಅಡಿವೆಪ್ಪ. "ಬಿಗೀ ಐತಿ ಖರೆ, ಸಪ್ಪಳ ಹೋತು."

ನೀಲವ್ವನ ಕಾಲುಂಗುರದ ಪಾದಗಳು ಒಂದು ಹೆಜ್ಜೆ ಹಿಂದೆ ಸರಿದವು. ಬಣ್ಣದ ಪಾದಗಳು ಒಂದು ಹೆಜ್ಜೆ ಮುಂದೆ ಬಂದವು.

"ಅಪ್ಪಾ, ಇನ್ನೊಮ್ಮೆ ತಿರುವು."

ತಿರುಗಿಸಿದ. ಕಿರುಚಿದೆ. ಪಕ್ಕದ ಮನೆಯ ಕಿಟಕಿಯ ಬಾಗಿಲು ಧಡಾರನೆ ಮುಚ್ಚಿತು.

"ಏನ್ ಕೇಳತೈತಿ?"

"ಏನಿಲ್ಲವಾ. ಮಗ್ಗದ ಸಪ್ಪಳದಾಗ ಸಣ್ಣದಿದ್ರ ಎಲ್ಲಿ ಕೇಳಬೇಕು?"

"ಇವತ್ತ ಮಗ್ಗ ಇಲ್ಲಪ್ಪಾ" ಎಂದಳು ದಾಕ್ಷಾಯಣಿ. ಅವಳ ದನಿ ಎಷ್ಟು ಸಣ್ಣದಾಗಿತ್ತೆಂದರೆ, ಅದೂ ಅವನಿಗೆ ಕೇಳಿಸಿರಲಿಕ್ಕಿಲ್ಲ. ಅವನು ಪಾನಾ ಹುಡುಕುತ್ತಿದ್ದ.

ಅವಳು ಬಗ್ಗಿ ಕಾರಿನ ಆಚೆ ಬದಿಯ ಚರಂಡಿಯ ಅಂಚಿನಿಂದ ಏನನ್ನೋ ಎತ್ತಿಕೊಂಡಳು. ಒಂದು ಇಡೀ ನಿಂಬೆಹಣ್ಣು. ಕುಂಕುಮ ಕೂಡ ಅಳಿಸಿರಲಿಲ್ಲ.

"ಅವ್ವಾ, ಈ ಗಾಲೀದು ಒಡದೇ ಇಲ್ಲ. ಹಂಗಾರ ಬೆಳಿಗ್ಗೆ ಈ ಗಾಲ್ಯಾಗ ಟಪ್ ಅಂದದ್ದೇನು?"

ದಾಕ್ಷಾಯಣಿ ಹಣ್ಣು ಹಿಡಿದುಕೊಂಡೇ ಸರಸರ ಒಳಗೆ ಹೋದಳು. ಅತ್ತದ್ದು ತೋರಿಸಬಾರದೆಂದು ಹೋದಳೆಂದು ಆಮೇಲೆ ತಿಳಿಯಿತು. ನೀಲವ್ವನೂ ಅವಳ ಹಿಂದೆ ಹೋದಳು.

ಅಡಿವೆಪ್ಪ ಗಾಲಿ ಬಿಚ್ಚಿದ. ಸುತ್ತಿಗೆಯಿಂದ ನನ್ನ ಸುತ್ತಲೂ ಹದವಾಗಿ ಬಡಿದು, ಅಲುಗಾಡಿಸಿ, ಕೊನೆಗೆ ನನ್ನನ್ನು ಎಳೆದು ತೆಗೆದ. ಕಾವು ಹೆಚ್ಚಾಗಿ ನನ್ನ ಮೈ ಅಲ್ಲಲ್ಲಿ ನೀಲಿಗಟ್ಟಿತ್ತು. ಹಳೆ ಅರಿವೆಯಲ್ಲಿ ಹಿಡಿದು ಕಟ್ಟೆಗೆ ಆನಿಸಿ ನಿಲ್ಲಿಸಿದ. ಪಕ್ಕದಲ್ಲೇ ಸುತ್ತಿಗೆ ಇಟ್ಟ.

ಆಗ ಮೊದಲ ಬಾರಿಗೆ ನಾನು ಮನುಷ್ಯರ ಮುಖ ನೋಡಿದೆ! ಕಾರಿನ ಹಿಂದೆಯೇ ಕುಂಟುತ್ತ ಬಂದಿದ್ದ ದಾವಲಸಾಬ ಕಟ್ಟೆಯ ಮೇಲೆ ಕೂತಿದ್ದ. ಬಿಳಿ ಗಡ್ಡ, ಕೊರಳಿಗೆ ಅದೇ ಬೆಳಿಗ್ಗೆ ಪೂಜೆಯಿಂದ ಮರಳಿ ಬಂದ ಸೀಟಿ, ಅದರ ಮೇಲೆ ಇನ್ನೂ ಕುಂಕುಮ. ಅಡಿವೆಪ್ಪನ ಮುಖ ನಾನು ಎಣಿಸಿದ್ದಕ್ಕಿಂತ ಸಣ್ಣದು, ಮುದಿಯಾದದ್ದು. ದೊಡ್ಡ ದೊಡ್ಡ ಕಿವಿ. ಇಷ್ಟು ದೊಡ್ಡ ಕಿವಿಗೆ ನನ್ನ ಕೂಗು ಹೋಗಲಿಲ್ಲವೇ ಎಂದು ನೋಡುತ್ತ ಉಳಿದೆ.

"ಲೈನರ್ ಕಿತ್ತೈತಿ ದಾವಲಾ" ಎನ್ನುತ್ತ ಅವನು ಮಂಡಿಯೂರಿ, ಕೈಯನ್ನು ಭುಜದವರೆಗೆ ಒಳಗೆ ಹಾಕಿ, ತಲೆಯನ್ನೂ ಕಾರಿನ ಕೆಳಗೆ ತೂರಿಸಿದ.

ಮುಂದಿನ ಗಾಲಿಯ ಕೆಳಗೆ ಕೊಟ್ಟ ಕಲ್ಲು ಕೂತಿದ್ದದ್ದು ಬೆಳಿಗ್ಗೆ ಒಡೆದ ನಿಂಬೆಹಣ್ಣಿನ ಮೇಲೆ. ಹಾಸುಗಲ್ಲು, ನಿಂಬೆರಸ, ಹೊರಡುವಾಗ ಒಡೆದ ತೆಂಗಿನಕಾಯಿಯ ನೀರು. ಕಲ್ಲು ಸಣ್ಣಗೆ ಜಾರಿತು. ಕಾರು ಇಳಿಜಾರಿನತ್ತ ಒಂದು ಬೆರಳಿನಷ್ಟು ಸರಿಯಿತು. ಜಾಕು ವಾಲಿತು.

ದಾವಲಸಾಬ ಕಂಡ. ಅವನ ಮೊಣಕಾಲು ಕೆಟ್ಟು ಬಹಳ ದಿನವಾಗಿತ್ತು, ಎದ್ದು ಓಡುವ ಹಾಗಿರಲಿಲ್ಲ. ಬಾಯಿಗೆ ಮಾತಿಗಿಂತ ಮೊದಲು ಸೀಟಿ ಹೋಯಿತು.

ಒಂದು ಸಲ. ಉದ್ದಕ್ಕೆ. ಹೋಲ್ಡಾನ್!

ಆ ಸೀಟಿ ಕೇಳಿದರೆ ಅಡಿವೆಪ್ಪನ ಮೈ ತಾನಾಗಿ ನಿಲ್ಲುತ್ತಿತ್ತಂತೆ. ನಿದ್ದೆಯಲ್ಲೂ ಕಾಲು ಬ್ರೇಕ್ ತುಳಿಯುತ್ತಿತ್ತಂತೆ. ಈಗ ಬೆನ್ನು ಅಲುಗಲೂ ಇಲ್ಲ. ಒಳಗೆ ಏನನ್ನೋ ತಡಕುತ್ತ, ಸಣ್ಣಗೆ ಹಾಡು ಗುನುಗುತ್ತಿದ್ದ.

ದಾವಲಸಾಬ ಮತ್ತೊಮ್ಮೆ ಊದಿದ. ಬಾಗಿಲಿಗೆ ಓಡಿಬಂದ ದಾಕ್ಷಾಯಣಿ ಅಲ್ಲೇ ಕಲ್ಲಾದಳು. ಬೆನ್ನು ಹಾಗೇ ಇತ್ತು. ದಾವಲಸಾಬನ ಮುಖದಲ್ಲಿ ರಕ್ತ ಇಳಿದುಹೋದದ್ದನ್ನು ನಾನು ಕಂಡೆ. ಸೀಟಿ ಬಾಯಿಂದ ಬಿತ್ತು. ಸೀಟಿ ಕೇಳದಿದ್ದರೆ ತಗಡು ಬಡಿಯುವ ಕೈ ಅದು. ತಗಡು ಸಿಗಲಿಲ್ಲ. ಸುತ್ತಿಗೆ ಸಿಕ್ಕಿತು. ನಾನು ಸಿಕ್ಕೆ.

ಢಣ್!

ಒಂದೇ ಪೆಟ್ಟು. ನನ್ನ ಅಂಚಿನ ಚೂರೊಂದು ಹಾರಿತು. ನನ್ನ ಹೊಟ್ಟೆಯ ಆಳದಿಂದ ಬೆಳಗಾವಿಯ ಆ ದಪ್ಪ ದನಿ ಎದ್ದು ಓಣಿಯೆಲ್ಲ ತುಂಬಿತು.

ಅಡಿವೆಪ್ಪ ಕರೆಂಟು ಹೊಡೆದವನಂತೆ ಹಿಂದಕ್ಕೆ ಚಿಮ್ಮಿದ. ತಲೆ ಹೊರಗೆ, ಕೈ ಹೊರಗೆ. ಅದರ ಹಿಂದೆಯೇ ಜಾಕು ಕಳಚಿ ಕಾರು ಧಡಲ್ ಎಂದು ಕೂತಿತು, ಆಗಷ್ಟೇ ಅವನ ತಲೆಯಿದ್ದ ಜಾಗದ ಮೇಲೆ.

ದೂಳೆದ್ದು ಕಟ್ಟೆಯವರೆಗೂ ಹರಡಿತು.

"ಯಾಕೋ ಹೋಲ್ಡಾನ್ ಅಂದಿ?" ಅಡಿವೆಪ್ಪ ನೆಲದ ಮೇಲೆ ಕೂತೇ ಕೇಳಿದ. ಆಮೇಲೆ ತಿರುಗಿ ಕಾರು ನೋಡಿದ. ನೋಡಿ ತನ್ನ ತಲೆಯನ್ನು ಮುಟ್ಟಿಕೊಂಡ.

"ಮೊದಲ ಸೀಟಿ ಊದಿದೆ ಅಡಿವ್ಯಾ" ಎಂದ ದಾವಲಸಾಬ. "ಎರಡ ಸಲ ಊದಿದೆ."

"ಯಾವಾಗ?"

ಆ ಒಂದು ಮಾತಿಗೆ ದಾಕ್ಷಾಯಣಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಈಗ ಊದು. ನನ್ನ ಮುಂದ ಊದು" ಎಂದ ಅಡಿವೆಪ್ಪ.

ದಾವಲಸಾಬ ಸೀಟಿ ಎತ್ತಿದ. ಅವನ ಕೆನ್ನೆ ಉಬ್ಬಿದವು, ಕೊರಳ ನರ ಎದ್ದವು. ನನಗೇ ಕಿವಿ ಸೀಳಿದ ಹಾಗಾಯಿತು. ಅಡಿವೆಪ್ಪ ಆ ಉಬ್ಬಿದ ಕೆನ್ನೆಗಳನ್ನೇ ನೋಡುತ್ತಿದ್ದ, ಮುಚ್ಚಿದ ಕಿಟಕಿಯ ಆಚೆ ಯಾರೋ ಮಾತಾಡುವುದನ್ನು ನೋಡುವ ಹಾಗೆ. ಆಮೇಲೆ ತಲೆ ತಗ್ಗಿಸಿದ.

"ಎಲ್ಲಾರೂ ಸಣ್ಣಗ ಮಾತಾಡಾಕತ್ತೀರಿ ಅನ್ಕೊಂಡಿದ್ದೆ" ಎಂದ. "ನನ್ನ ಮ್ಯಾಲ ಸಿಟ್ಟಿನಿಂದ ಅನ್ಕೊಂಡಿದ್ದೆ."

ಸಂಜೆ ಬನ್ನಿ ಕೊಡುವ ಹೊತ್ತು. ಓಣಿಯ ಜನ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು ಅಪ್ಪಿಕೊಳ್ಳುತ್ತಿದ್ದರು. ಅಡಿವೆಪ್ಪ ಮಗಳ ಅಂಗೈ ಬಿಡಿಸಿ ಎಲೆ ಇಟ್ಟ. "ಬನ್ನಿ ತಗೊಂಡು ಬಂಗಾರದಂಗ ಇರೋಣವಾ" ಎಂದ. ಎಲೆಗಳ ನಡುವೆ ಕಾರಿನ ಕೀಲಿ ಇತ್ತು.

"ಅಪ್ಪಾ, ನಾ ಕೇಳಿಲ್ಲಲ್ಲ..."

"ಮಾತ ಕೊಟ್ಟಿದ್ದೆ."

ಅವಳು ಬೆರಳು ಮಡಚಲಿಲ್ಲ. ಅವನೇ ಒಂದೊಂದಾಗಿ ಮಡಚಿದ.

ನನ್ನ ಜಾಗಕ್ಕೆ ಹೊಸ ಡ್ರಮ್ ಬಂತು, ಹೊಸ ಶೂಗಳು ಬಂದವು. ಒಳಮೈ ಗೀರುಬಿದ್ದು, ಅಂಚು ಹಾರಿ, ನಾನು ಯಾವ ಗಾಲಿಗೂ ಬೇಡವಾದೆ. ಹಳೆ ಕಬ್ಬಿಣ ಕೊಳ್ಳುವ ಮೋಡಕಾದವನು ಗಾಡಿ ತಳ್ಳಿಕೊಂಡು ಬಂದು ನನ್ನನ್ನು ಎತ್ತಿ ತೂಕ ನೋಡಿದ. ಮತ್ತೆ ಕುಲುಮೆಯೇ ಎಂದು ನಾನು ನಡುಗುತ್ತಿದ್ದಾಗ ನೀಲವ್ವ ಹೊರಗೆ ಬಂದಳು.

"ಇಡು ಅದನ್ನ ಕೆಳಗ! ನನ್ನ ಕುಂಕುಮ ಉಳಿಸಿದ್ದದು."

ದಾವಲಸಾಬ ಸರಪಳಿ ತಂದು ನನ್ನನ್ನು ಬಾಗಿಲ ಪಕ್ಕದ ಬೇವಿನ ಕೊಂಬೆಗೆ ಕಟ್ಟಿದ. ಸೀಟಿಯ ಹಾಗೆ ಬಾಗಿಲಿನ ಕರೆಗಂಟೆಯ ತೆಳು ಟಿಂಗ್ ಟಾಂಗ್ ಕೂಡ ಕೇಳದ ಅಡಿವೆಪ್ಪನಿಗೆ ನನ್ನ ದಪ್ಪ ಢಣ್ ಹಿತ್ತಲಲ್ಲಿದ್ದರೂ ಕೇಳುತ್ತಿತ್ತು. ಆಮೇಲೆ ದವಾಖಾನೆಯಿಂದ ಕಿವಿಯ ಮಷೀನೂ ಬಂತು. ಹಾಕಿಕೊಂಡ ಮೊದಲ ದಿನ ಅವನು ಹೌಹಾರಿ ಓಡಾಡಿದ. ಬಳೆ ಸದ್ದು, ಗುಬ್ಬಿ ಸದ್ದು, ಒಗ್ಗರಣೆ ಸದ್ದು, ಎಲ್ಲಕ್ಕೂ ಬೆಚ್ಚಿದ. "ನೀಲಾ, ಇಷ್ಟ್ ಮಾತಾಡ್ತಿದ್ದೀಯೇನ ನೀ ದಿನಾ?" ಎಂದು ಕೇಳಿ ಬೈಸಿಕೊಂಡ.

ಆದರೆ ಕೀಲಿ ಮರಳಿ ಕೇಳಲಿಲ್ಲ. ನಾನು ಹೆದರುತ್ತಿದ್ದದ್ದು ಎದುರಿನ ಗೋಡೆಗೆ. ಅವನು ಆ ಕಡೆ ಮುಖ ಮಾಡಿ ಕೂತ ದಿನಗಳೂ ಇದ್ದವು, ಇಲ್ಲವೆನ್ನುವುದಿಲ್ಲ. ಒಂದು ಬೆಳಿಗ್ಗೆ ದಾಕ್ಷಾಯಣಿ ತಾನೇ ಬಂದು, "ಅಪ್ಪಾ, ಕಾರು ಕಲಸು ನನಗ" ಎಂದಳು.

ಈಗ ಅವಳು ಕಾರಿನಲ್ಲೇ ಶಾಲೆಗೆ ಹೋಗುತ್ತಾಳೆ. ಓಣಿ ಕಿರಿದು, ಹಿಂದಕ್ಕೆ ತೆಗೆಯುವುದೇ ಕಷ್ಟ. ಅಡಿವೆಪ್ಪ ಬೇವಿನ ಕೆಳಗೆ ಸುತ್ತಿಗೆ ಹಿಡಿದು ನಿಲ್ಲುತ್ತಾನೆ. ಗಾಲಿ ಚರಂಡಿಯ ಹತ್ತಿರ ಬಂದರೆ ನನಗೆ ಒಂದು ಪೆಟ್ಟು. ಅವಳ ಕಾಲು ತಟ್ಟನೆ ಬ್ರೇಕ್ ತುಳಿಯುತ್ತದೆ.

"ಏನೋ, ಡ್ರೈವರ್ ಸಾಹೇಬ ಕಡೀಗೂ ಕಂಡಕ್ಟರ್ ಆದಿ" ಎಂದು ದಾವಲಸಾಬ ಕಟ್ಟೆಯಿಂದ ಛೇಡಿಸುತ್ತಾನೆ.

"ನಿನಗಿಂತ ಛಲೋ ಹೊಡೀತೇನಿ ಬಿಡಲೇ."

ನಾನು ಮೈಯೆಲ್ಲ ಕಿರುಚಿದಾಗ ಅವನಿಗೆ ನನ್ನ ದನಿ ಮುಟ್ಟಿರಲಿಲ್ಲ. ಪೆಟ್ಟು ತಿಂದು ನನ್ನ ಹುಟ್ಟಿನ ದನಿ ತೆಗೆದಾಗ ಮುಟ್ಟಿತು. ಅದನ್ನು ನೆನೆದರೆ ನನಗಿನ್ನೂ ಗಾಬರಿ, ಇನ್ನೂ ಬೆರಗು. ಕೊಂಬೆಯಿಂದ ಈಗ ಎಲ್ಲರ ಮುಖವೂ ಕಾಣುತ್ತದೆ. ಕಾರು ನೆಟ್ಟಗಾಗಿದೆ, ದಾರಿ ಖಾಲಿಯಿದೆ. ದಾಕ್ಷಾಯಣಿ ಕನ್ನಡಿಯಲ್ಲಿ ಅಪ್ಪನನ್ನೇ ನೋಡುತ್ತ ಕಾಯುತ್ತಾಳೆ. ಅವನು ಸುತ್ತಿಗೆ ಎತ್ತುತ್ತಾನೆ.

ಢಣ್, ಢಣ್.

ರೈಟ್.